ಮಗುವಿನ ಫೋಟೋ ಹೊಡೆಸಲು ಹೋದ ದಿನ

ನಿಮ್ಮ ಮನೆಯ ಚಾವಡಿಯ ಗೋಡೆಯಲ್ಲೂ ಒಂದು ಮಗುವಿನ ಫೋಟೋ ತೂಗುತ್ತಿರಬಹುದು. ತಲೆಗೆ ಕಿರೀಟ, ಕಿರೀಟಕ್ಕೆ ನವಿಲುಗರಿ, ಕೈಯಲ್ಲಿ ಕೊಳಲು, ಪಕ್ಕದಲ್ಲಿ ಬೆಣ್ಣೆಯ ಗಡಿಗೆ. ಮನೆಗೆ ಬಂದವರು ಅದನ್ನು ನೋಡಿ, "ಇದು ಯಾರು, ದೊಡ್ಡವನೋ ಸಣ್ಣವನೋ?" ಎಂದು ಕೇಳಿಯೇ ಕೇಳುತ್ತಾರೆ.

ನಮ್ಮ ಮನೆಯಲ್ಲೂ ಒಂದು ಫೋಟೋ ಇದೆ. ಆದರೆ ಅದನ್ನು ನೋಡಿದವರು ಹಾಗೆ ಕೇಳುವುದಿಲ್ಲ. "ಇದೆಂತ, ಹೀಗೆ ಬಂದಿದೆ?" ಎನ್ನುತ್ತಾರೆ. ಕಿರೀಟ ಒಂದು ಕಿವಿಯ ಮೇಲೆ ಜಾರಿದೆ. ಮುಖದ ನೀಲಿ ಬಣ್ಣ ಅರ್ಧ ಒರೆಸಿಹೋಗಿದೆ. ಮಗುವನ್ನು ಎದೆಗವಚಿಕೊಂಡು ಕೂತಿರುವ ನಮ್ಮ ಅತ್ತೆಯ ಕೂದಲು ಕೆದರಿದೆ, ಹೆಗಲ ಮೇಲೆ ಒಂದು ಕಪ್ಪು ಬಟ್ಟೆ ಅಡ್ಡಾದಿಡ್ಡಿ ಬಿದ್ದಿದೆ. ಆ ಫೋಟೋದ ಕಥೆಯನ್ನು ನಿಮಗೊಮ್ಮೆ ಹೇಳಬೇಕೆಂದು ಬಹಳ ದಿನಗಳಿಂದ ಮನಸ್ಸಿತ್ತು. ಮನೆಯಲ್ಲಿ ಸಣ್ಣ ಮಕ್ಕಳಿರುವವರಿಗೆ ಉಪಯೋಗಕ್ಕೆ ಬಂದೀತು ಎಂದು ಇವತ್ತು ಬರೆಯಲು ಕೂತಿದ್ದೇನೆ.

ಅಷ್ಟಮಿಯ ಉಮೇದು

ಮಂಗಳೂರಿನಲ್ಲಿ ಅಷ್ಟಮಿ ಬಂತೆಂದರೆ ಮನೆಮನೆಯಲ್ಲೂ ಒಬ್ಬ ಕೃಷ್ಣ ಹುಟ್ಟುತ್ತಾನೆ. ಕದ್ರಿ ಶ್ರೀ ಮಂಜುನಾಥ ದೇವಸ್ಥಾನದಲ್ಲಿ ಕಲ್ಕೂರ ಪ್ರತಿಷ್ಠಾನದವರು ನಡೆಸುವ ಶ್ರೀಕೃಷ್ಣ ವೇಷ ಸ್ಪರ್ಧೆಯನ್ನು ನೀವು ನೋಡಿರಬಹುದು, ಇಲ್ಲವೇ ಪೇಪರಿನಲ್ಲಾದರೂ ಓದಿರಬಹುದು. ಮುದ್ದು ಕೃಷ್ಣ, ತುಂಟ ಕೃಷ್ಣ, ಯಶೋದಾ ಕೃಷ್ಣ ಎಂದು ಹಲವು ವಿಭಾಗಗಳು. ಎಲ್ಲಿ ನೋಡಿದರೂ ನೀಲಿ ಮುಖ, ಹಳದಿ ಕಚ್ಚೆ, ಜಾರುವ ಕಿರೀಟ. ವೇದಿಕೆಯ ಮೇಲೆ ಅಳುವ ಕೃಷ್ಣರು ಕೆಲವರು, ನಿದ್ದೆ ಹೋದವರು ಕೆಲವರು, ಬೆಣ್ಣೆಯ ಬದಲು ಕೊಳಲನ್ನೇ ಕಚ್ಚುವವರು ಕೆಲವರು! ಉಡುಪಿಯಲ್ಲಿ ನೆಲೆನಿಂತವನೂ ಬಾಲಕೃಷ್ಣನೇ ಆದ್ದರಿಂದ ನಮ್ಮ ಕಡೆಯವರಿಗೆ ಈ ಮಕ್ಕಳ ವೇಷದ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯೇ ಎನ್ನಬೇಕು.

2004ರ ಅಷ್ಟಮಿಗೆ ನಮ್ಮ ಪುಟ್ಟನಿಗೆ ಆರು ತಿಂಗಳು ತುಂಬಿ ಏಳು ನಡೆಯುತ್ತಿತ್ತು. ಚೊಚ್ಚಲ ಮಗು. ಸ್ಪರ್ಧೆಯ ಜನಸಂದಣಿಗೆ ಅಷ್ಟು ಸಣ್ಣವನನ್ನು ಕರಕೊಂಡು ಹೋಗುವುದು ಬೇಡ ಎಂದರು ಅತ್ತೆ. ನಾನು ಸ್ಟುಡಿಯೋದಲ್ಲಾದರೂ ಒಂದು ಫೋಟೋ ಹೊಡೆಸೋಣ ಎಂದು ಹಠ ಹಿಡಿದೆ. ನನ್ನ ಅಕ್ಕನ ಮನೆಯಲ್ಲಿ ಅವಳ ಮಗನ ಕೃಷ್ಣವೇಷದ ಫೋಟೋ ದೊಡ್ಡದಾಗಿ ಕಟ್ಟು ಹಾಕಿಸಿ ತೂಗಹಾಕಿದ್ದರು. ಹೊಟ್ಟೆಕಿಚ್ಚು ಎನ್ನಲಾರೆ, ಆದರೆ ಅದಕ್ಕಿಂತ ಒಂದಂಗುಲ ದೊಡ್ಡದು ನಮ್ಮಲ್ಲೂ ಇರಲಿ ಎಂಬ ಆಸೆ ನನಗಿದ್ದದ್ದು ಸುಳ್ಳಲ್ಲ.

ರಥಬೀದಿಗೆ ಹೋಗಿ ಕಿರೀಟ, ಕೊಳಲು, ನವಿಲುಗರಿ ತಂದೆ. ನಾಟಕದವರು ಹಚ್ಚುವ ನೀಲಿ ಬಣ್ಣವನ್ನು ಪರಿಚಯದವರಿಂದ ಇಸಕೊಂಡೆ. ಮುತ್ತಿನ ಸರ ಮಾತ್ರ ಹೊಸತು ತರಲಿಲ್ಲ. ನನ್ನ ಮದುವೆಯ ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ಮುತ್ತಿನ ಹಳೆಯ ಸರವನ್ನೇ ಎರಡು ಸುತ್ತು ಹಾಕಿದರೆ ಮಗುವಿಗೆ ಸರಿಯಾಗುತ್ತದೆ ಎಂದುಕೊಂಡೆ. ಒಂದೊಂದು ಮುತ್ತು ಕಡಲೆಕಾಳಿನಷ್ಟು. ದಾರ ಎಷ್ಟು ಹಳತಾಗಿದೆ ಎಂದು ಎಳೆದು ನೋಡುವ ಬುದ್ಧಿ ನನಗೆ ಬರಲಿಲ್ಲ.

ಕಪ್ಪು ಬಟ್ಟೆಯ ಹಿಂದೆ ಅತ್ತೆ

ನಮ್ಮವರು ಅರ್ಧ ದಿನ ರಜೆ ಹಾಕಿ ಬಂದರು. ರಿಕ್ಷಾ ಮಾಡಿ ಪೇಟೆಯ ಒಂದು ಸ್ಟುಡಿಯೋಕ್ಕೆ ಹೋದೆವು. ಹೊರಗೆ ಮಳೆ, ಒಳಗೆ ದೊಡ್ಡ ದೊಡ್ಡ ದೀಪಗಳ ಸೆಕೆ. ನಮಗಿಂತ ಮೊದಲು ಮೂವರು ಕೃಷ್ಣರು ಕಾಯುತ್ತಿದ್ದರು. ಒಂದೂವರೆ ಗಂಟೆ ಕಾದೆವು. ಅಷ್ಟರೊಳಗೆ ಪುಟ್ಟನ ನಿದ್ದೆಯ ಹೊತ್ತು ಬಂದು ಹೋಯಿತು, ಹಾಲಿನ ಹೊತ್ತೂ ಆಯಿತು. ಬಣ್ಣ ಹಚ್ಚಿದ ಮುಖ ಹಾಳಾಗುತ್ತದೆಂದು ನಾನು ಹಾಲು ಕೊಡುವುದನ್ನೂ ಮುಂದೆ ಹಾಕಿದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮ ಸರದಿ ಬಂತು. ಮಗುವನ್ನು ಕೂರಿಸಿದರೆ ಎಡಕ್ಕೆ ವಾಲುತ್ತಿತ್ತು, ನೆಟ್ಟಗೆ ಮಾಡಿದರೆ ಬಲಕ್ಕೆ. ಫೋಟೋದವರು ಒಳ್ಳೆಯ ಮನುಷ್ಯರೇ. "ಅಮ್ಮ, ನೀವು ಹಿಂದೆ ಕೂತು ಮಗುವನ್ನು ಹಿಡ್ಕೊಳ್ಳಿ, ನಿಮ್ಮ ಮೇಲೆ ಬಟ್ಟೆ ಹಾಕ್ತೇನೆ. ಫೋಟೋದಲ್ಲಿ ನೀವು ಕಾಣೋದಿಲ್ಲ, ಮಗು ಮಾತ್ರ ಕಾಣ್ತದೆ" ಎಂದು ಅತ್ತೆಗೆ ಹೇಳಿದರು.

"ಎಂತ ಮಾರಾಯರೇ, ನನ್ನನ್ನು ಭೂತದ ಹಾಗೆ ಮುಚ್ಚಿ ಕೂರಿಸ್ತೀರಾ?" ಎಂದು ಅತ್ತೆ ನಕ್ಕರು. ಆದರೂ ಮೊಮ್ಮಗನಿಗಾಗಿ ಕೂತರು. ಕಪ್ಪು ಬಟ್ಟೆಯ ಒಳಗಿಂದ ಅವರ ಎರಡು ಕೈಗಳು ಮಗುವಿನ ಪಕ್ಕೆಲುಬನ್ನು ಆತುಕೊಂಡವು.

ಪುಟ್ಟ ಅಳಲು ಶುರು ಮಾಡಿದ. ಎಂಥ ಅಳು ಅಂತೀರಿ! ನಮ್ಮವರು ಗಿಲಕಿ ಆಡಿಸಿದರು, ನಾನು ಚಪ್ಪಾಳೆ ತಟ್ಟಿದೆ, ಫೋಟೋದವರು ಕಾಗೆಯ ಹಾಗೆ ಕೂಗಿದರು. ಒಂದಕ್ಕೂ ಬಗ್ಗಲಿಲ್ಲ. ಆಗ ಒಂದು ರೋಲಿಗೆ 36 ಫೋಟೋ ಮಾತ್ರ. ಈಗಿನ ಹಾಗೆ ನೂರಾರು ಹೊಡೆದು ಒಂದನ್ನು ಆರಿಸುವ ಹಾಗಿರಲಿಲ್ಲ. ಹೊರಗೆ ಕಾಯುವವರು ಬೇರೆ ಇಣುಕಿ ನೋಡುತ್ತಿದ್ದರು. ಕೈಗೆ ಸಿಕ್ಕಿದ ಸರವನ್ನು ಮಗು ಜಗ್ಗುತ್ತಿತ್ತು. ನಾನು ಕೆಮರಾದ ಹತ್ತಿರ ನಿಂತು "ಪುಟ್ಟಾ, ಇಲ್ಲಿ ನೋಡು, ಇಲ್ಲಿ ನೋಡು" ಎನ್ನುತ್ತಿದ್ದೆ.

ಫಕ್ಕನೆ ಅಳು ನಿಂತಿತು.

"ಹಾಂ, ಸುಮ್ಮನಾದ! ಈಗ ನೋಡಿ, ಬೇಗ" ಎಂದರು ಫೋಟೋದವರು. ನನಗೂ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಮಗುವಿನ ಬಾಯಿ ತೆರೆದಿತ್ತು, ಕಣ್ಣು ಅಗಲವಾಗಿತ್ತು. ನೀಲಿ ಬಣ್ಣ ಹಚ್ಚಿದ ಮುಖ. ಅದರ ಕೆಳಗೆ ಚರ್ಮದ ಬಣ್ಣ ಏನಾಗುತ್ತಿದೆ ಎಂದು ಯಾರಿಗೆ ಗೊತ್ತಾಗಬೇಕು?

ಗೊತ್ತಾದದ್ದು ಬಟ್ಟೆಯ ಹಿಂದೆ ಕೂತು ಏನೂ ಕಾಣದಿದ್ದ ಅತ್ತೆಗೆ. "ಉಸಿರಿಲ್ಲ, ಮಗುವಿಗೆ ಉಸಿರಿಲ್ಲ!" ಎಂದು ಕೂಗಿಕೊಂಡೇ ಬಟ್ಟೆಯನ್ನು ಕೊಡವಿ ಎದ್ದರು. ಮಗುವನ್ನು ತಮ್ಮ ಎಡಗೈಯ ಮೇಲೆ ಬೋರಲು ಹಾಕಿ, ತಲೆ ಕೆಳಗಾಗುವಂತೆ ವಾಲಿಸಿ, ಬೆನ್ನಿನ ಮೇಲೆ ಅಂಗೈಯಿಂದ ಹೊಡೆದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಟಕ್ ಎಂದು ಒಂದು ಮುತ್ತು ನೆಲಕ್ಕೆ ಬಿದ್ದು ಉರುಳಿತು. ಆಮೇಲೆ ಬಂತು ನೋಡಿ ಅಳು! ಅಷ್ಟು ಸಿಹಿಯಾದ ಅಳುವನ್ನು ನಾನು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ.

ಅತ್ತೆ ಅಲ್ಲೇ ಕುಸಿದು ಕೂತರು. ಮಗುವನ್ನು ಎದೆಗವಚಿಕೊಂಡು ಮುಖ ಒರೆಸಿದರು. ಗಾಬರಿಯಲ್ಲಿ ಫೋಟೋದವರ ಕೈ ಕೆಮರಾದ ಗುಂಡಿ ಒತ್ತಿಬಿಟ್ಟಿತ್ತು. ನಮ್ಮ ಗೋಡೆಯಲ್ಲಿರುವುದು ಅದೇ ಫೋಟೋ. ಅವರು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಹಾಗೆಂದು ತಪ್ಪು ಅವರದ್ದಲ್ಲ, ಸರ ಹಾಕಿದವಳು ನಾನು. ಅಲ್ಲಿಂದ ನೇರ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಎದೆಗೆ ಕೊಳವೆ ಇಟ್ಟು ನೋಡಿ, ತೊಂದರೆಯಿಲ್ಲ ಎಂದರು. ಅತ್ತೆ ಮಾಡಿದ್ದನ್ನು ಕೇಳಿ, "ಸರಿಯಾದದ್ದನ್ನೇ ಮಾಡಿದ್ದೀರಿ ಅಮ್ಮ" ಎಂದರು. ಅತ್ತೆಗೆ ಅದನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ. ಅವರ ಸಣ್ಣ ತಮ್ಮನ ಗಂಟಲಲ್ಲಿ ಹುಣಸೆಬೀಜ ಸಿಕ್ಕಿಕೊಂಡಾಗ ಅವರ ಅಜ್ಜಿ ಹಾಗೆ ಮಾಡಿದ್ದನ್ನು ನೋಡಿದ್ದರಂತೆ.

ಅಂದು ನಾನು ಕಲಿತದ್ದು ಇಷ್ಟು: ಎದುರಿಗೆ ನಿಂತ ನಮ್ಮ ಮೂವರ ಆರು ಕಣ್ಣುಗಳಿಗೆ ಕಾಣದ್ದು ಹಿಂದೆ ಕೂತು ಹಿಡಿದುಕೊಂಡಿದ್ದ ಎರಡು ಕೈಗಳಿಗೆ ಗೊತ್ತಾಯಿತು.

ಹಿಡಿದವರನ್ನು ಮುಚ್ಚುವ ಹಳೆಯ ಪದ್ಧತಿ

ಹೀಗೆ ಹಿಡಿದವರನ್ನು ಮುಚ್ಚಿಡುವುದು ಹೊಸತೇನಲ್ಲ ಎಂದು ನನಗೆ ಆಮೇಲೆ ಓದಿ ತಿಳಿಯಿತು. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ, ಫ್ರಾನ್ಸ್ ದೇಶದಲ್ಲಿ. ಮೊದಮೊದಲು ಒಂದು ಚಿತ್ರ ಮೂಡಬೇಕಾದರೆ ಬಹಳ ಹೊತ್ತು ಅಲುಗಾಡದೆ ಕೂರಬೇಕಿತ್ತು. ಹಳೆಯ ಕಾಲದ ಫೋಟೋಗಳಲ್ಲಿ ಜನ ಕಂಬದ ಹಾಗೆ ಬಿಗಿದುಕೊಂಡು, ನಗದೆ ಇರುವುದಕ್ಕೆ ಇದೂ ಒಂದು ಕಾರಣ. ನಮ್ಮ ಮಂಗಳೂರಿಗೆ 1834ರಲ್ಲಿ ಬಂದು ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳನ್ನು ಮಾಡಿದ ಬಾಸೆಲ್ ಮಿಶನಿನವರ ಹಳೆಯ ಫೋಟೋಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಇಂದಿಗೂ ಜೋಪಾನವಾಗಿವೆ.

ದೊಡ್ಡವರೇನೋ ಬಿಗಿದು ಕೂತಾರು, ಮಗು ಕೂತೀತೇ? ಅದಕ್ಕೆ ಇಂಗ್ಲೆಂಡ್, ಅಮೆರಿಕಗಳ ಫೋಟೋದವರು ಒಂದು ಉಪಾಯ ಮಾಡಿದರು. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸಿ, ಅವಳ ತೊಡೆಯ ಮೇಲೆ ಮಗುವನ್ನು ಇಡುತ್ತಿದ್ದರು. ನೋಡುವವರಿಗೆ ಮಗು ಯಾವುದೋ ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕೂತ ಹಾಗೆ ಕಾಣಬೇಕು. ಆದರೆ ಸರಿಯಾಗಿ ನೋಡಿದರೆ ಬಟ್ಟೆಯ ಅಂಚಿನಲ್ಲಿ ತಾಯಿಯ ಬೆರಳು ಕಾಣುತ್ತದೆ. ಅಂಥ ನೂರಾರು ಫೋಟೋಗಳನ್ನು ಈಗ ಸಂಗ್ರಹಕಾರರು ಹುಡುಕಿ ಕೂಡಿಸಿಟ್ಟಿದ್ದಾರೆ.

ಈಗ ಬಟ್ಟೆ ಹೊದಿಸಬೇಕಾಗಿಲ್ಲ, ಕಂಪ್ಯೂಟರಿನಲ್ಲಿ ಕೈಯನ್ನೇ ಅಳಿಸಿಬಿಡುತ್ತಾರೆ. ಹುಟ್ಟಿದ ಹತ್ತು ಹದಿನೈದು ದಿನದ ಕೂಸು ಎರಡೂ ಅಂಗೈಯ ಮೇಲೆ ಗದ್ದ ಇಟ್ಟು ಕಪ್ಪೆಯ ಹಾಗೆ ಕೂತು ನಿದ್ದೆ ಮಾಡುವ ಫೋಟೋವನ್ನು ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಅದು ಒಂದು ಫೋಟೋ ಅಲ್ಲ, ಎರಡು. ಒಂದರಲ್ಲಿ ದೊಡ್ಡವರ ಕೈ ಮಗುವಿನ ತಲೆಯನ್ನು ಹಿಡಿದಿರುತ್ತದೆ, ಇನ್ನೊಂದರಲ್ಲಿ ಅದರ ಮುಂಗೈಯನ್ನು. ಎರಡನ್ನೂ ಜೋಡಿಸಿ ದೊಡ್ಡವರ ಕೈಯನ್ನು ತೆಗೆದುಬಿಡುತ್ತಾರೆ. ಇದು ಗೊತ್ತಿಲ್ಲದೆ ಮನೆಯಲ್ಲೇ ಮಗುವನ್ನು ಹಾಗೆ ಕೂರಿಸಲು ಹೋದರೆ ಅಪಾಯ. ಎಳೆ ಕೂಸಿನ ಕುತ್ತಿಗೆಗೆ ತಲೆಯನ್ನು ಹೊರುವ ಬಲ ಇರುವುದಿಲ್ಲ. ತಲೆ ಮುಂದಕ್ಕೆ ಬಾಗಿದರೆ ಉಸಿರಿಗೇ ತೊಂದರೆ.

ಕಳೆದ ವರ್ಷ ನನ್ನ ಅಕ್ಕನ ಮಗಳು ಬಾಣಂತನಕ್ಕೆ ಬಂದಿದ್ದಾಗ ಇಂಥದ್ದೇ ಫೋಟೋ ಬೇಕು ಎಂದಳು. "ಚಿಕ್ಕಮ್ಮ, ಎಲ್ಲರೂ ಹೊಡೆಸ್ತಾರೆ" ಎಂದಳು. "ಹೊಡೆಸು ಮಗಾ, ಬೇಡ ಅನ್ನೋದಿಲ್ಲ. ಆದರೆ ನಿನ್ನ ಕೈ ಇರುವ ಒಂದು ಫೋಟೋವನ್ನೂ ಹಾಗೇ ಇಟ್ಟುಕೋ" ಎಂದೆ. ಈಗ ಅವಳ ಮೊಬೈಲಿನ ಮೇಲೆ ಕಾಣುವುದು ಆ ಕೈ ಇರುವ ಫೋಟೋವೇ!

ಹೋಗುವ ಮೊದಲು ಇಷ್ಟು ನೋಡಿಕೊಳ್ಳಿ

ಮಗುವಿಗೆ ಹೊಟ್ಟೆ ತುಂಬಿ, ನಿದ್ದೆ ಆಗಿರುವ ಹೊತ್ತನ್ನು ಆರಿಸಿಕೊಳ್ಳಿ. ಕಾಯುವುದಾದರೆ ಮನೆಯಲ್ಲೇ ಕಾದು, ಸರದಿ ಬರುವಾಗ ಹೋಗಿ. ವೇಷವನ್ನು ಅಲ್ಲಿಗೆ ಹೋದ ಮೇಲೆಯೇ ಹಾಕಿ. ಚುಚ್ಚುಮದ್ದು ಕೊಡಿಸಿದ ದಿನ ಮತ್ತು ಮರುದಿನ ಬೇಡವೇ ಬೇಡ. ಜ್ವರ, ಕಿರಿಕಿರಿ ಇರುತ್ತದೆ.

ಮಗುವಿಗೆ ಕುತ್ತಿಗೆ ನಿಲ್ಲುವುದು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ. ಆಸರೆಯಿಲ್ಲದೆ ಕೂರುವುದು ಹೆಚ್ಚಿನ ಮಕ್ಕಳಲ್ಲಿ ಆರು ತಿಂಗಳ ಆಸುಪಾಸಿನಲ್ಲಿ. ಕೆಲವರಿಗೆ ಒಂಬತ್ತೂ ಆಗಬಹುದು. ಅಲ್ಲಿಯವರೆಗೆ ಬುಟ್ಟಿ, ಉರುಳಿ, ಎತ್ತರದ ಮಣೆಗಳ ಮೇಲೆ ಒಂಟಿಯಾಗಿ ಕೂರಿಸಬೇಡಿ. ಕೂರಿಸಿದರೂ ಒಬ್ಬರ ಕೈ ಮಗುವಿನ ಮೇಲೆ ಇರಲೇಬೇಕು. ಆ ಒಬ್ಬರಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ.

ಮಣಿಸರ, ಮುತ್ತಿನ ಸರ, ಅಂಟಿಸಿದ ಹರಳು, ಗೆಜ್ಜೆಯ ಸಣ್ಣ ಗುಂಡು, ಇವು ಒಂದೂ ಬೇಡ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ಪ್ರಾಯ ಅದು. ಸರ ಬೇಕೆಂದರೆ ತುಳಸಿ, ಸೇವಂತಿಗೆಯ ಮಾಲೆಯೂ ಬೇಡ, ಬಟ್ಟೆಯ ಮೇಲೆ ಜರಿಯ ಪಟ್ಟಿ ಹೊಲಿದುಬಿಡಿ. ನವಿಲುಗರಿಯ ತುದಿ ಕಣ್ಣಿಗೆ ತಾಗದಂತೆ ಹಿಂದಕ್ಕೆ ಸಿಕ್ಕಿಸಿ.

ಬಣ್ಣದ ವಿಷಯ ಹೇಳಲೇಬೇಕು. ಮರುದಿನ ನಮ್ಮ ಪುಟ್ಟನ ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಕೆಂಪು ದಡಿಕೆ ಎದ್ದಿತ್ತು. ಹಸುಗೂಸಿಗೆ ಬಣ್ಣವನ್ನೇ ಹಚ್ಚದಿದ್ದರೆ ಬಹಳ ಒಳ್ಳೆಯದು. ಕೃಷ್ಣ ಎಂದು ಗೊತ್ತಾಗಲು ಒಂದು ನವಿಲುಗರಿ ಸಾಕು. ಮುಖದ ಬಣ್ಣ ಮುಚ್ಚಿಹೋದರೆ ಮಗು ನೀಲಿಗಟ್ಟಿದರೂ ತಿಳಿಯುವುದಿಲ್ಲ. ನನ್ನ ಹೆದರಿಕೆ ಅದು. ಕಣ್ಣಿನ ಒಳಗೆ ಕಾಡಿಗೆಯೂ ಬೇಡ ಎನ್ನುತ್ತಾರೆ ಡಾಕ್ಟರು. ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶ ಇರುವುದುಂಟು.

ಗಂಟಲಲ್ಲಿ ಸಿಕ್ಕಿಕೊಂಡರೆ

ಇದನ್ನು ದಯವಿಟ್ಟು ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿಡಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ, ಉಸಿರು ಆಡುತ್ತಿದೆ ಎಂದರ್ಥ. ಕೆಮ್ಮಲು ಬಿಡಿ, ಕಣ್ಣಿಟ್ಟು ನೋಡುತ್ತಿರಿ. ಸ್ವರವೇ ಹೊರಡದಿದ್ದರೆ, ಉಸಿರಾಡಲು ಆಗದಿದ್ದರೆ ಕಾಯಬೇಡಿ.

ಒಂದು ವರ್ಷದೊಳಗಿನ ಮಗುವಾದರೆ ನಿಮ್ಮ ಮುಂಗೈಯ ಮೇಲೆ ಬೋರಲು ಮಲಗಿಸಿ. ದವಡೆಯನ್ನು ಬೆರಳಿನಿಂದ ಆತು ಹಿಡಿಯಿರಿ, ತಲೆ ಮೈಗಿಂತ ಕೆಳಗಿರಲಿ. ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯಿರಿ. ಬರಲಿಲ್ಲವೆಂದರೆ ಅಂಗಾತ ತಿರುಗಿಸಿ ಎದೆಯ ನಡುವಿನ ಎಲುಬನ್ನು ಐದು ಸಲ ಒತ್ತಿ. ವಸ್ತು ಹೊರಗೆ ಬರುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡಿ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ಮಗುವಿನ ಹೊಟ್ಟೆಯನ್ನು ಒತ್ತಬಾರದು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಿಯೊಳಗೆ ಬೆರಳು ಹಾಕಿ ತಡಕಾಡಬಾರದು. ಅದು ಇನ್ನೂ ಒಳಗೆ ಹೋಗುತ್ತದೆ. ಹೊರಗೆ ಬಂದ ಮೇಲೂ ಒಮ್ಮೆ ಡಾಕ್ಟರಿಗೆ ತೋರಿಸಿ. ನಿಮ್ಮ ಊರಿನಲ್ಲಿ ಪ್ರಥಮ ಚಿಕಿತ್ಸೆ ಕಲಿಸುವವರಿದ್ದರೆ ಕೈಯಿಂದ ಮಾಡಿ ಕಲಿತುಕೊಳ್ಳಿ. ಓದಿದ್ದು ಗಾಬರಿಯಲ್ಲಿ ಮರೆತುಹೋಗುತ್ತದೆ, ಕೈಗೆ ಅಭ್ಯಾಸವಾದದ್ದು ಮರೆಯುವುದಿಲ್ಲ.

ಕೆಟ್ಟ ಫೋಟೋವನ್ನು ಎಸೆಯಬೇಡಿ

ಚೆನ್ನಾಗಿ ಬರಲಿಲ್ಲ ಎಂದು ಫೋಟೋ ಹರಿದು ಹಾಕುವವರಿದ್ದಾರೆ, ಮೊಬೈಲಿನಿಂದ ಅಳಿಸುವವರಂತೂ ಎಲ್ಲರೂ. ಅಳಿಸುವ ಮೊದಲು ಮಗುವಿನ ಕಣ್ಣನ್ನೊಮ್ಮೆ ನೋಡಿ. ಫ್ಲಾಶ್ ಹಾಕಿ ತೆಗೆದಾಗ ಎರಡೂ ಕಣ್ಣಿನ ಪಾಪೆ ಕೆಂಪಾಗಿ ಕಾಣುವುದು ಸಹಜ. ಒಂದು ಕೆಂಪಾಗಿ, ಇನ್ನೊಂದು ಬಿಳಿಯಾಗಿ ಕಂಡರೆ, ಅದೂ ಮತ್ತೆ ಮತ್ತೆ ಹಾಗೇ ಕಂಡರೆ, ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಮಗು ನೋಡಿದ ಕೋನದಿಂದಾಗಿ ಬರೀ ಹಾಗೆ ಕಂಡಿರಲೂಬಹುದು. ಆದರೆ ಹುಟ್ಟಿನಿಂದ ಬಂದ ಪೊರೆ, ಕಣ್ಣಿನ ಗಡ್ಡೆಯಂಥ ರೋಗಗಳು ಮೊದಲು ಗೊತ್ತಾಗುವುದು ಎಷ್ಟೋ ಸಲ ಹೀಗೆ ಫೋಟೋದಲ್ಲೇ.

ಇನ್ನು ನಮ್ಮ ಕರಾವಳಿಯ ಮಳೆಗಾಲದಲ್ಲಿ ಫೋಟೋ ಉಳಿಸುವುದೂ ಒಂದು ಸಾಹಸ. ಹೊರಗೋಡೆಗೆ ತಾಗಿಸಿ ತೂಗಹಾಕಬೇಡಿ, ತೇವ ಹೀರುತ್ತದೆ. ಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಸಣ್ಣ ಬಿರಡೆ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಅಂಟು ಪುಟದ ಆಲ್ಬಮ್ಮಿನಿಂದ ಹಳೆಯ ಫೋಟೋಗಳನ್ನು ನಿಧಾನಕ್ಕೆ ಬಿಡಿಸಿಡಿ. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ, ಬಿಸಿಲಿಗಲ್ಲ, ಗಾಳಿಗೆ ಹರಡಿ. ಮೊಬೈಲಿನ ಫೋಟೋಗಳಾದರೆ ಇನ್ನೊಂದು ಕಡೆಯೂ ಒಂದು ಪ್ರತಿ ಇಟ್ಟುಕೊಂಡು, ವರ್ಷಕ್ಕೆ ನಾಲ್ಕನ್ನಾದರೂ ಕಾಗದದ ಮೇಲೆ ಹಾಕಿಸಿ.

ಅತ್ತೆ 2011ರಲ್ಲಿ ತೀರಿಕೊಂಡರು. ಹದಿಮೂರನೆಯ ದಿನಕ್ಕೆ ಇಡಲು ಒಂದು ಫೋಟೋ ಬೇಕೆಂದು ಮನೆಯೆಲ್ಲ ಹುಡುಕಿದೆವು. ಮದುವೆ ಗುಂಪಿನ ಹಿಂದಿನ ಸಾಲಿನಲ್ಲಿ ಅರ್ಧ ಮುಖ, ರೇಷನ್ ಕಾರ್ಡಿನಲ್ಲಿ ಮಸುಕು ಮುಖ. ಮಕ್ಕಳ ಫೋಟೋ ಹೊಡೆಸುವಾಗಲೆಲ್ಲ ಅವರು ಯಾವುದಾದರೂ ಮಗುವನ್ನು ತಯಾರು ಮಾಡಿ, ಮುಂದೆ ಕಳಿಸಿ, ತಾವು ಬದಿಗೆ ಸರಿದಿದ್ದರು. ಪೂರ್ತಿ ಮುಖ ಕಾಣುವ, ಮೊಮ್ಮಗನ ಜೊತೆಗಿರುವ ಫೋಟೋ ಅದೊಂದೇ. ಅದನ್ನೇ ದೊಡ್ಡದು ಮಾಡಿಸಿದೆವು. ಅಕ್ಕನ ಮನೆಯದಕ್ಕಿಂತ ಒಂದಂಗುಲ ದೊಡ್ಡದೇ ಆಯಿತು. ಹಾಗೆ ದೊಡ್ಡದಾಗಬೇಕು ಎಂದು ನಾನು ಬಯಸಿರಲಿಲ್ಲ.

ಪುಟ್ಟ ಈಗ ಬೆಂಗಳೂರಿನಲ್ಲಿದ್ದಾನೆ. ಅತ್ತೆ ಹೋಗುವಾಗ ಅವನಿಗೆ ಏಳು ವರ್ಷ, ಅಜ್ಜಿಯ ಮುಖ ಸರಿಯಾಗಿ ನೆನಪಿಲ್ಲ ಎನ್ನುತ್ತಾನೆ. ಕಳೆದ ಸಲ ಊರಿಗೆ ಬಂದಾಗ ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ. "ಅಮ್ಮ, ಅಜ್ಜಿ ಎಷ್ಟು ಗಟ್ಟಿ ಹಿಡ್ಕೊಂಡಿದ್ದಾರೆ ನೋಡು" ಎಂದ.

ಆದ್ದರಿಂದ, ಸೋದರಿಯರೇ, ಈ ಸಲ ನಿಮ್ಮ ಮನೆಯ ಕೃಷ್ಣನ ಫೋಟೋ ಹೊಡೆಸುವಾಗ ಅವನನ್ನು ಹಿಡಿದುಕೊಂಡವರನ್ನೂ ಜೊತೆಗೆ ಕೂರಿಸಿ. ಅಜ್ಜಿ ಇದ್ದರೆ ಅಜ್ಜಿ, ಇಲ್ಲದಿದ್ದರೆ ನೀವೇ. ಸೀರೆ ಮುದ್ದೆಯಾಗಿದೆ, ಕೂದಲು ಬಾಚಿಲ್ಲ ಎಂದು ಬದಿಗೆ ಸರಿಯಬೇಡಿ. ಯಶೋದೆ ಇಲ್ಲದ ಕೃಷ್ಣನನ್ನು ಬೆಳೆಸಿದವರು ಯಾರು, ಹೇಳಿ?